ತೀರ್ಪಿಗೆ ಕೇಸ್ ಕಾಮೆಂಟ್ ಬರೆಯುವುದು ಹೇಗೆ? ಹಾಸನ, ಚಿಕ್ಕಮಗಳೂರಿನ ಕಾನೂನು ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಹಾಸನ, ಚಿಕ್ಕಮಗಳೂರು ಕಡೆಯ ಕಾನೂನು ವಿದ್ಯಾರ್ಥಿಗಳು, ಹೊಸದಾಗಿ ಸನ್ನದು ಪಡೆದ ವಕೀಲರು ಓದಿ ನೋಡಿ ಎಂದು ಕಳಿಸುವ ಕೇಸ್ ಕಾಮೆಂಟ್‌ಗಳು ಹೆಚ್ಚಾಗಿ ಒಂದೇ ಜಾಗದಲ್ಲಿ ಮುಗ್ಗರಿಸುತ್ತವೆ. ಆರು ಪುಟದ ಬರಹದಲ್ಲಿ ಐದೂವರೆ ಪುಟ ತೀರ್ಪಿನ ಸಾರಾಂಶ. ಉಳಿದ ಅರ್ಧ ಪುಟದಲ್ಲಿ ‘ಇದೊಂದು ಐತಿಹಾಸಿಕ ತೀರ್ಪು, ಸ್ವಾಗತಾರ್ಹ’ ಎಂಬ ಮಾತು. ಸಾರಾಂಶ ಬೇಕಾದವರು ಹೆಡ್‌ನೋಟ್ (ವರದಿಯಲ್ಲಿ ತೀರ್ಪಿನ ಮೇಲೆ ಹಾಕುವ ಚುಟುಕು ಸಾರ) ಓದಿಕೊಳ್ಳುತ್ತಾರೆ, ಅಲ್ವಾ? ಕಾಮೆಂಟ್ ಎಂದರೆ ತೀರ್ಪಿಗೆ ಕೇಳುವ ಒಂದೇ ಒಂದು ಪ್ರಶ್ನೆ. ಅದಕ್ಕೆ ಉತ್ತರವನ್ನು ತೀರ್ಪಿನ ಒಳಗೇ ಹುಡುಕಬೇಕು. ಕಾನೂನು ಪ್ರಾಧ್ಯಾಪಕರ ಒಳ್ಳೆಯ ಬರಹಗಳೂ ಮಾಡುವುದು ಇದನ್ನೇ.

ಎಡವಟ್ಟಾಗುವುದು ಕೆಲಸದ ಕ್ರಮದಲ್ಲಿ. ಹಾಗಾಗಿ ಕೆಳಗಿನ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ. ಉದಾಹರಣೆಗೆ ನಮ್ಮ ಕಡೆಯದೇ ತೀರ್ಪು ತಗೊಂಡಿದ್ದೇನೆ: ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿದ ತೀರ್ಪು, ಕೆ.ಎಂ. ಚಿಣ್ಣಪ್ಪ ವಿರುದ್ಧ ಭಾರತ ಒಕ್ಕೂಟ, ಸುಪ್ರೀಂ ಕೋರ್ಟ್, 30 ಅಕ್ಟೋಬರ್ 2002.

ಬೇಕಾದ ಸಾಮಾನು

ತೀರ್ಪಿನ ಪೂರ್ತಿ ಪ್ರತಿ, ಸಂಬಂಧಪಟ್ಟ ಕಾಯ್ದೆಯ ಬೇರ್ ಆಕ್ಟ್ (ವ್ಯಾಖ್ಯಾನವಿಲ್ಲದ ಮೂಲ ಪಠ್ಯ), ಎರಡು ಬಣ್ಣದ ಪೆನ್ನು, ಮೂರು ಖಾಲಿ ಹಾಳೆ. ಇಷ್ಟು ಸಾಕು.

ಸುಪ್ರೀಂ ಕೋರ್ಟ್ ತೀರ್ಪುಗಳು 2023ರಿಂದ ಕೋರ್ಟಿನದೇ ಇ-ಎಸ್‌ಸಿಆರ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಹುಡುಕಾಟಕ್ಕೆ ಇಂಡಿಯನ್ ಕಾನೂನ್ ಎಂಬ ತಾಣ ಒಳ್ಳೆಯದೇ. ಆದರೆ ಉಲ್ಲೇಖ ಮಾಡುವಾಗ ಅಧಿಕೃತ ವರದಿಯ ಪ್ರತಿ ಕೈಯಲ್ಲಿರಲಿ. ತೀರ್ಪು ಅಚ್ಚು ಹಾಕುವ ಖಾಸಗಿ ವರದಿಗಳೂ ಇವೆ; ಒಂದೇ ತೀರ್ಪಿನ ಪ್ಯಾರಾ ಸಂಖ್ಯೆ ಅವುಗಳಲ್ಲಿ ಎಸ್‌ಸಿಸಿಯಲ್ಲಿ ಒಂದು, ಎಐಆರ್‌ನಲ್ಲಿ ಇನ್ನೊಂದು ಇರುವುದುಂಟು. ಯಾವ ವರದಿ ಹಿಡಿದು ಶುರು ಮಾಡಿದಿರೋ ಕೊನೆಯವರೆಗೂ ಅದನ್ನೇ ಹಿಡಿಯಿರಿ. ಹಳೆಯ ಹೈಕೋರ್ಟ್ ತೀರ್ಪಿಗೆ ವಕೀಲರ ಸಂಘದ ಲೈಬ್ರರಿಯಲ್ಲಿ ಐಎಲ್‌ಆರ್ ಕರ್ನಾಟಕ ಎಂಬ ಹೈಕೋರ್ಟ್ ತೀರ್ಪುಗಳ ವರದಿಯ ಸಂಪುಟಗಳಿವೆಯೇ ವಿಚಾರಿಸಿ. ಮೂಡಿಗೆರೆ, ಸಕಲೇಶಪುರದ ಕಡೆಯವರು ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ನಂಬಿ ಕೂರಬೇಡಿ. ಪಿಡಿಎಫ್ ಇಳಿಸಿ, ಪ್ರಿಂಟ್ ತೆಗೆಸಿಕೊಳ್ಳಿ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಎರಡೂ ಜಿಲ್ಲೆಗಳು ಹೈಕೋರ್ಟಿನ ಬೆಂಗಳೂರು ಪೀಠಕ್ಕೆ ಸೇರಿದವು. ಹಾಗಂತ ಧಾರವಾಡ, ಕಲಬುರಗಿ ಪೀಠದ ತೀರ್ಪುಗಳು ನಮಗೆ ಸಂಬಂಧವಿಲ್ಲ ಎಂದು ಬಿಡುವವರಿದ್ದಾರೆ. ಮೂರೂ ಒಂದೇ ಹೈಕೋರ್ಟು. ಹುಡುಕುವಾಗ ಮೂರನ್ನೂ ಹುಡುಕಿ.

ಹಂತ 1: ತೀರ್ಪು ಆರಿಸಿಕೊಳ್ಳುವುದು

ಸಂವಿಧಾನದ ಮೂಲ ರಚನೆಯನ್ನು ತಿದ್ದುಪಡಿಯಿಂದ ಕೆಡಿಸುವಂತಿಲ್ಲ ಎಂದ ಕೇಶವಾನಂದ ಭಾರತಿ ಪ್ರಕರಣಕ್ಕೆ ಮೊದಲ ಬರಹಕ್ಕೇ ಕೈ ಹಾಕಬೇಡಿ. 13 ನ್ಯಾಯಮೂರ್ತಿಗಳು, 7-6ರ ಬಹುಮತ, ನೂರಾರು ಪುಟ. ಅದರ ಬಗ್ಗೆ ಎಲ್ಲರೂ ಎಲ್ಲವನ್ನೂ ಬರೆದಾಗಿದೆ. ಒಬ್ಬರೋ ಇಬ್ಬರೋ ನ್ಯಾಯಮೂರ್ತಿ ಬರೆದ, ಮೂವತ್ತು ನಲವತ್ತು ಪುಟದೊಳಗಿನ ತೀರ್ಪು ಹಿಡಿಯಿರಿ.

ಮುಗಿದ ಪ್ರಕರಣವಾಗಿರಬೇಕು. ಮೇಲ್ಮನವಿ ಇನ್ನೂ ನಡೆಯುತ್ತಿದ್ದರೆ ಬೇರೆ ನೋಡಿ. ಹಾಗೇ ತೀರ್ಪಿನಲ್ಲಿ ಎಲ್ಲೋ ಒಂದು ಕಡೆ ನಿಮಗೆ ಕಿರಿಕಿರಿ ಆಗಬೇಕು: ಕಾರಣ ಒಂದು ದಿಕ್ಕಿಗೆ ಹೋಗಿ ಆದೇಶ ಇನ್ನೊಂದು ದಿಕ್ಕಿಗೆ ಹೋದಂತೆ, ಅಥವಾ ಒಬ್ಬರ ವಾದಕ್ಕೆ ಉತ್ತರವೇ ಬರದೆ ಉಳಿದಂತೆ.

ಎಚ್ಚರಿಕೆಯ ಗಂಟೆ: ‘ಈ ತೀರ್ಪಿನಲ್ಲಿ ನನಗೆ ಸರಿಕಾಣದ್ದು ಏನು’ ಎಂದು ಸ್ನೇಹಿತರಿಗೆ ಒಂದೇ ವಾಕ್ಯದಲ್ಲಿ ಹೇಳಲು ಬರದಿದ್ದರೆ ಆ ತೀರ್ಪು ಬಿಡಿ.

ಹಂತ 2: ಕೊನೆಯ ಪುಟದಿಂದ ಓದುವುದು

ಮೊದಲು ಆದೇಶದ ಭಾಗ ಓದಿ. ಅರ್ಜಿ ಪುರಸ್ಕೃತವೋ ವಜಾವೋ? ಯಾರು, ಏನನ್ನು, ಯಾವಾಗಿನೊಳಗೆ ಮಾಡಬೇಕು? ಇದನ್ನು ಮೊದಲ ಹಾಳೆಯ ತುದಿಯಲ್ಲಿ ನಿಮ್ಮ ಮಾತಿನಲ್ಲಿ ಬರೆಯಿರಿ.

ಕುದುರೆಮುಖದ ತೀರ್ಪನ್ನು ಮೊದಲ ಪುಟದಿಂದ ಓದಿದರೆ ಏನಾಗುತ್ತದೆ ನೋಡಿ. ಪ್ರಕೃತಿಯನ್ನು ನಾಶ ಮಾಡುವ ಮನುಷ್ಯ ಮಾತೃಹತ್ಯೆ ಮಾಡುತ್ತಿದ್ದಾನೆ ಎಂಬ ಅರ್ಥದ ಸಾಲಿನಿಂದ ನ್ಯಾಯಮೂರ್ತಿ ಅರಿಜಿತ್ ಪಸಾಯತ್ ಶುರು ಮಾಡುತ್ತಾರೆ. ವಿದ್ಯಾರ್ಥಿ ಅಲ್ಲೇ ಕರಗಿಹೋಗುತ್ತಾನೆ. ಕಾಮೆಂಟ್ ಪೂರ್ತಿ ಭೂಮಿತಾಯಿಯ ಮೇಲಿನ ಭಾಷಣವಾಗುತ್ತದೆ. ಕೊನೆಯಿಂದ ಓದಿದವರಿಗೆ ಕಾಣುವುದೇ ಬೇರೆ: ಈಗಾಗಲೇ ಅಗೆದ ಜಾಗದಲ್ಲಿ 2005ರ ಕೊನೆಯವರೆಗೆ, ಅಥವಾ ಅಲ್ಲಿನ ಸೆಕೆಂಡರಿ (ಗಾಳಿ ಮಳೆಗೆ ಸವೆದ) ಅದಿರು ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಗಣಿ ನಡೆಸಬಹುದು. ಅಂದರೆ ತೀರ್ಪು ಬಂದ ದಿನವೇ ಗಣಿ ನಿಲ್ಲಲಿಲ್ಲ. ಮೂರು ವರ್ಷಕ್ಕಿಂತ ಜಾಸ್ತಿ ಕಾಲಾವಕಾಶ ಸಿಕ್ಕಿತು. ಮಾತೃಹತ್ಯೆ ಎನ್ನುವ ಮಾತಿಗೂ ಈ ಕಾಲಾವಕಾಶಕ್ಕೂ ನಡುವೆ ಇರುವ ದೂರದಲ್ಲೇ ನಿಮ್ಮ ಪ್ರಶ್ನೆ ಕೂತಿದೆ.

ಹಂತ 3: ತಾರೀಖಿನ ಹಾಳೆ

ಎರಡನೇ ಹಾಳೆಗೆ ಮೂರು ಕಾಲಂ ಎಳೆಯಿರಿ. ಒಂದರಲ್ಲಿ ತಾರೀಖು, ಇನ್ನೊಂದರಲ್ಲಿ ಏನಾಯಿತು, ಮೂರನೆಯದರಲ್ಲಿ ಅದನ್ನು ಹೇಳಿದ್ದು ಯಾರು. ಮೂರನೇ ಕಾಲಂ ಬಿಟ್ಟುಬಿಡುವವರೇ ಜಾಸ್ತಿ. ಬೇಕಾಗಿರುವುದೇ ಅದು. ತೀರ್ಪಿನಲ್ಲಿ ‘ಕಂಪನಿಯ ಪ್ರಕಾರ’ ಎಂದು ಬಂದದ್ದನ್ನು ಕೋರ್ಟಿನ ಮಾತು ಎಂದು ಬರೆದುಬಿಟ್ಟರೆ ಇಡೀ ಬರಹ ನೆಲಕ್ಕೆ ಬೀಳುತ್ತದೆ. ಪಕ್ಷಗಾರರ ಮಾತಿಗೆ ಒಂದು ಬಣ್ಣ, ಕೋರ್ಟು ಒಪ್ಪಿದ ಸಂಗತಿಗೆ ಇನ್ನೊಂದು ಬಣ್ಣ.

ನಮ್ಮ ಉದಾಹರಣೆಯಲ್ಲಿ ಹಾಳೆ ಹೀಗೆ ಶುರುವಾಗುತ್ತದೆ. 1969ರಲ್ಲಿ ಕುದುರೆಮುಖದಲ್ಲಿ 30 ವರ್ಷದ ಗಣಿ ಗುತ್ತಿಗೆ. 1987ರಲ್ಲಿ ಆ ಕಾಡನ್ನು ರಾಷ್ಟ್ರೀಯ ಉದ್ಯಾನ ಮಾಡುವ ಪ್ರಾಥಮಿಕ ಅಧಿಸೂಚನೆ. 1999ರ ಜುಲೈನಲ್ಲಿ ಗುತ್ತಿಗೆ ಮುಗಿಯಿತು, ಆಮೇಲೆ ತಾತ್ಕಾಲಿಕ ಅನುಮತಿಯ ಮೇಲೆ ಕೆಲಸ ಮುಂದುವರಿಯಿತು. 2001ರಲ್ಲಿ ಅಂತಿಮ ಅಧಿಸೂಚನೆ, ಗಣಿ ಪ್ರದೇಶವನ್ನು ಹೊರಗಿಟ್ಟು. ಈ ಸಾಲುಗಳನ್ನು ಒಂದರ ಕೆಳಗೊಂದು ಬರೆದಾಗಲೇ ತಲೆಗೆ ಹೊಳೆಯುತ್ತದೆ: 1987ರಿಂದ 2001ರವರೆಗೆ ಆ ಜಾಗಕ್ಕೆ ಯಾವ ಕಾನೂನು ಅನ್ವಯಿಸುತ್ತಿತ್ತು? ತೀರ್ಪಿನ ಪ್ಯಾರಾಗಳನ್ನು ಎಷ್ಟು ಸಲ ಓದಿದರೂ ಕಾಣದ ಪ್ರಶ್ನೆ ತಾರೀಖಿನ ಹಾಳೆಯಲ್ಲಿ ಎದ್ದು ಕಾಣುತ್ತದೆ.

ಪ್ರಕರಣ ಯಾವ ದಾರಿಯಲ್ಲಿ ಕೋರ್ಟಿಗೆ ಬಂತು ಎನ್ನುವುದನ್ನೂ ಬರೆಯಿರಿ. ಇದು ಹೊಸ ರಿಟ್ ಅರ್ಜಿಯಲ್ಲ. 1995ರ 202ನೇ ರಿಟ್ ಅರ್ಜಿಯಲ್ಲಿ, ಅಂದರೆ ಗೋದಾವರ್ಮನ್ ಅರಣ್ಯ ಪ್ರಕರಣದಲ್ಲಿ, ಹಾಕಿದ ಒಂದು ಮಧ್ಯಂತರ ಅರ್ಜಿ. ಅದರ ಪರಿಣಾಮ ಏನು ಎಂಬುದರ ಮೇಲೇ ಪ್ರತ್ಯೇಕ ಕಾಮೆಂಟ್ ಬರೆಯಬಹುದು.

ಹಂತ 4: ರೇಶಿಯೊ ಬೇರೆ, ಒಬಿಟರ್ ಬೇರೆ

ಆದೇಶಕ್ಕೆ ಆಧಾರವಾದ, ಮುಂದಿನ ಕೋರ್ಟುಗಳನ್ನು ಕಟ್ಟಿಹಾಕುವ ಕಾರಣವೇ ರೇಶಿಯೊ; ತೀರ್ಮಾನಕ್ಕೆ ಬೇಕಿಲ್ಲದೆ ಜೊತೆಗೆ ಬಂದ ಮಾತು ಒಬಿಟರ್. ಇಲ್ಲಿ ನಿಧಾನ ಮಾಡಿ. ಜಾಸ್ತಿ ಜನ ಸೋಲುವ ಹಂತ ಇದು.

ಕೈಯಲ್ಲಿ ಎರಡು ಸಾಧನ ಇಟ್ಟುಕೊಳ್ಳಿ. ಎರಡೂ ಪ್ರಾಧ್ಯಾಪಕರು ಕೊಟ್ಟವು. ಒಂದು, ಹಾರ್ವರ್ಡ್‌ನ ಯೂಜೀನ್ ವಾಂಬಾ ಅವರ ತಲೆಕೆಳಗು ಪರೀಕ್ಷೆ. ತೀರ್ಪಿನ ಒಂದು ಮಾತು ತಗೊಳ್ಳಿ. ಅದನ್ನು ಉಲ್ಟಾ ಮಾಡಿ. ಉಲ್ಟಾ ಮಾಡಿದರೂ ಆದೇಶ ಅದೇ ಬರುತ್ತದೆ ಎಂದಾದರೆ ಆ ಮಾತು ರೇಶಿಯೊ ಅಲ್ಲ. ಇನ್ನೊಂದು, ಎ.ಎಲ್. ಗುಡ್‌ಹಾರ್ಟ್ 1930ರಲ್ಲಿ ಯೇಲ್ ಲಾ ಜರ್ನಲ್‌ನಲ್ಲಿ ಮಂಡಿಸಿದ ವಿಧಾನ. ನ್ಯಾಯಮೂರ್ತಿ ಯಾವ ಸಂಗತಿಗಳನ್ನು ಮುಖ್ಯ ಎಂದು ಹಿಡಿದರು, ಅವುಗಳ ಮೇಲೆ ಯಾವ ತೀರ್ಮಾನಕ್ಕೆ ಬಂದರು ಎಂದು ನೋಡಿ. ಆ ಸಂಗತಿಗಳೂ ಆ ತೀರ್ಮಾನವೂ ಸೇರಿದರೆ ರೇಶಿಯೊ ಸಿಗುತ್ತದೆ.

ಈಗ ಕುದುರೆಮುಖಕ್ಕೆ ಬನ್ನಿ. ‘ಪ್ರಕೃತಿ ನಾಶ ಮಾತೃಹತ್ಯೆಗೆ ಸಮ’ ಎಂಬುದನ್ನು ಅಳಿಸಿ, ಅದರ ವಿರುದ್ಧ ಮಾತು ಬರೆಯಿರಿ. ಆದೇಶ ಬದಲಾಗಬೇಕಾ? ಬೇಕಿಲ್ಲ. ಅರಣ್ಯ ಭೂಮಿಯ ಬಳಕೆಯ ಬಗ್ಗೆ ಕೇಂದ್ರ ಸರ್ಕಾರಕ್ಕೆ ಸಲಹೆ ಕೊಡುವ ತಜ್ಞರ ಸಮಿತಿಯೊಂದಿದೆ. ಈಗ ‘ಅರಣ್ಯ ಸಲಹಾ ಸಮಿತಿಯ ಶಿಫಾರಸನ್ನು ಒಪ್ಪಬೇಕು’ ಎಂಬುದನ್ನು ಉಲ್ಟಾ ಮಾಡಿ. 2005ರ ಗಡುವು ನಿಲ್ಲುವುದೇ ಇಲ್ಲ, ಏಕೆಂದರೆ ಆ ಗಡುವು ಬಂದದ್ದೇ ಸಮಿತಿಯ ಶಿಫಾರಸಿನಿಂದ. ಆದೇಶದ ಭಾರ ಹೊತ್ತಿರುವ ಕಂಬ ಯಾವುದು ಎಂದು ಇಷ್ಟರಲ್ಲೇ ಗೊತ್ತಾಗುತ್ತದೆ. ಸ್ಟಾಕ್‌ಹೋಮ್ ಘೋಷಣೆ (ಪರಿಸರದ ಬಗ್ಗೆ ವಿಶ್ವಸಂಸ್ಥೆಯ ಸಮ್ಮೇಳನದ ಘೋಷಣೆ), ಸುಸ್ಥಿರ ಅಭಿವೃದ್ಧಿ ಮುಂತಾದ ಚರ್ಚೆಗಳನ್ನೂ ಹೀಗೇ ಒಂದೊಂದಾಗಿ ಹಾಯಿಸಿ ನೋಡಿ.

ವಾಂಬಾ ಪರೀಕ್ಷೆಗೆ ಒಂದು ಮಿತಿ ಇದೆ. ಒಂದೇ ಆದೇಶಕ್ಕೆ ಎರಡು ಸ್ವತಂತ್ರ ಕಾರಣ ಕೊಟ್ಟಿದ್ದರೆ, ಒಂದನ್ನು ತೆಗೆದರೂ ಇನ್ನೊಂದರ ಮೇಲೆ ಆದೇಶ ನಿಲ್ಲುತ್ತದೆ. ಆಗ ಎರಡೂ ಒಬಿಟರ್ ಎಂದು ಬರೆದು ನಗೆಪಾಟಲಾಗಬೇಡಿ. ಅಂಥ ಕಡೆ ಎರಡನ್ನೂ ರೇಶಿಯೊ ಎಂದು ಹಿಡಿಯುವುದೇ ವಾಡಿಕೆ.

ಬಹಳ ನ್ಯಾಯಮೂರ್ತಿಗಳ ಪೀಠವಾದರೆ ಕೆಲಸ ಹೆಚ್ಚು. 2017ರ ಪುಟ್ಟಸ್ವಾಮಿ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳು, ಆರು ಪ್ರತ್ಯೇಕ ಅಭಿಪ್ರಾಯ. ಖಾಸಗಿತನ ಮೂಲಭೂತ ಹಕ್ಕು ಎಂಬಲ್ಲಿ ಎಲ್ಲರೂ ಒಂದೇ. ಉಳಿದ ಒಂದೊಂದು ಮಾತಿಗೂ ಎಷ್ಟು ಜನರ ಒಪ್ಪಿಗೆ ಇದೆ ಎಂದು ಎಣಿಸದೆ ‘ಸುಪ್ರೀಂ ಕೋರ್ಟ್ ಹೇಳಿದೆ’ ಎಂದು ಬರೆಯುವ ಹಾಗಿಲ್ಲ.

ಒಂದು ತೀರ್ಪು ತಾನು ನಿಜವಾಗಿ ತೀರ್ಮಾನಿಸಿದ್ದಕ್ಕೆ ಮಾತ್ರ ಆಧಾರ, ಅದರಿಂದ ತರ್ಕ ಎಳೆದು ತೆಗೆಯಬಹುದಾದ ಎಲ್ಲದಕ್ಕೂ ಅಲ್ಲ ಎಂದು ಸುಪ್ರೀಂ ಕೋರ್ಟೇ 1967ರಲ್ಲಿ ಒರಿಸ್ಸಾ ಸರ್ಕಾರ ವಿರುದ್ಧ ಸುಧಾಂಶು ಶೇಖರ್ ಮಿಶ್ರಾ ಪ್ರಕರಣದಲ್ಲಿ ಹೇಳಿದೆ. ಸುಪ್ರೀಂ ಕೋರ್ಟ್ ಸಾರಿದ ಕಾನೂನು ಎಲ್ಲ ಕೋರ್ಟುಗಳನ್ನೂ ಕಟ್ಟಿಹಾಕುತ್ತದೆ ಎನ್ನುವ ಸಂವಿಧಾನದ 141ನೇ ವಿಧಿಯನ್ನು ಬಾಯಿಪಾಠ ಹೇಳುವವರು ಇದನ್ನು ಮರೆಯುತ್ತಾರೆ.

ಹಂತ 5: ಈ ತೀರ್ಪು ಇನ್ನೂ ಬದುಕಿದೆಯಾ?

ಹಾಸನದ ಕೋರ್ಟುಗಳಲ್ಲಿ ಓಡಾಡಿದವರಿಗೆ ಪಿಟಿಸಿಎಲ್ ಪ್ರಕರಣಗಳು ಹೊಸತಲ್ಲ. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಕಾಯ್ದೆ ಅದು. ಜಮೀನು ವಾಪಸ್ ಕೇಳುವ ಅರ್ಜಿ ಸಮಂಜಸ ಅವಧಿಯೊಳಗೆ ಬರಬೇಕು ಎಂದು 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ ರಾಜ್ಯ ಸರ್ಕಾರ ಕಾಯ್ದೆಯ 5ನೇ ಕಲಮಿಗೆ ತಿದ್ದುಪಡಿ ತಂದು, ಕಾಲಮಿತಿ ಅನ್ವಯಿಸದು ಎಂದಿತು. ವಿಳಂಬದ ಪ್ರಶ್ನೆ ಆಮೇಲೂ ಹೈಕೋರ್ಟಿನ ಮುಂದೆ ಬಂತು. ಇಷ್ಟೆಲ್ಲ ಆದ ಮೇಲೂ 2017ರಲ್ಲೇ ನಿಂತುಬಿಟ್ಟ ಕಾಮೆಂಟ್‌ಗಳು ಬರುತ್ತಲೇ ಇವೆ.

ಹಾಗಾಗಿ ಮೂರು ವಿಷಯ ನೋಡಿ. ತೀರ್ಪನ್ನು ದೊಡ್ಡ ಪೀಠ ಬದಲಿಸಿದೆಯಾ, ಕಾಯ್ದೆ ತಿದ್ದುಪಡಿ ಆಗಿದೆಯಾ, ಕಲಂ ಸಂಖ್ಯೆ ಬದಲಾಗಿದೆಯಾ. ಕ್ರಿಮಿನಲ್ ಪ್ರಕರಣವಾದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಗಳ ಕಲಮನ್ನೂ ಪಕ್ಕದಲ್ಲಿ ಬರೆಯಿರಿ. ಹಳೆಯದನ್ನು ಅಳಿಸಬೇಡಿ. ತೀರ್ಪು ಬಂದದ್ದು ಹಳೆಯ ಕಲಮಿನ ಮೇಲೆ.

ಹಂತ 6: ಈಗ ಪ್ರಾಧ್ಯಾಪಕರನ್ನು ಓದಿ

ಇಷ್ಟು ಹೊತ್ತು ಏಕೆ ಕಾಯಿಸಿದೆ ಎಂದರೆ, ಮೊದಲೇ ಓದಿದವರು ಅವರ ಕಣ್ಣಿನಿಂದಲೇ ತೀರ್ಪನ್ನು ನೋಡುತ್ತಾರೆ. ನಿಮ್ಮ ಮೊದಲ ಎರಡು ಹಾಳೆ ತಯಾರಾದ ಮೇಲೆ ಓದಿದರೆ ಜಗಳ ಆಡಲು ಒಂದು ನೆಲೆ ಇರುತ್ತದೆ.

ಎಲ್ಲಿ ಓದಬೇಕು? ದೆಹಲಿಯ ಇಂಡಿಯನ್ ಲಾ ಇನ್‌ಸ್ಟಿಟ್ಯೂಟಿನ ಜರ್ನಲ್ ಮತ್ತು ಅದರ ವಾರ್ಷಿಕ ಸಮೀಕ್ಷೆ, ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ರಿವ್ಯೂ, ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ, ಕರಡು ಲೇಖನಗಳಿಗೆ ಎಸ್‌ಎಸ್‌ಆರ್‌ಎನ್. ವಾರ್ಷಿಕ ಸಮೀಕ್ಷೆಯನ್ನು ನಮ್ಮ ಹುಡುಗರು ತೆರೆದೇ ನೋಡುವುದಿಲ್ಲ. ಆಯಾ ವರ್ಷದ ತೀರ್ಪುಗಳನ್ನು ವಿಷಯವಾರು ಹಿಡಿದು ಚರ್ಚಿಸುವ ಸಂಪುಟ ಅದು. ನಿಮ್ಮ ತೀರ್ಪಿನ ಬಗ್ಗೆ ಎರಡೇ ಪ್ಯಾರಾ ಇದ್ದರೂ ದಾರಿ ಸಿಗುತ್ತದೆ.

ಲೇಖನ ಓದುವಾಗ ಅಂಚಿನಲ್ಲಿ ಬರೆಯಿರಿ: ಇವರ ವಾದ ಏನು? ಅದು ತೀರ್ಪಿನ ಯಾವ ಪ್ಯಾರಾದ ಮೇಲೆ ನಿಂತಿದೆ? ಯಾವ ಪ್ಯಾರಾ ಬಿಟ್ಟಿದ್ದಾರೆ? ಬಿಟ್ಟಿರುವುದರಲ್ಲೇ ನಿಮಗೆ ಜಾಗ.

ಕೆಲಸ ಹೇಗೆ ಮಾಡಬೇಕು ಎಂದು ನೋಡಲು 1979ರ ಸೆಪ್ಟೆಂಬರಿನ ಬಹಿರಂಗ ಪತ್ರ ಓದಿ. ತುಕಾರಾಂ ವಿರುದ್ಧ ಮಹಾರಾಷ್ಟ್ರ ಸರ್ಕಾರ ಪ್ರಕರಣದಲ್ಲಿ ಪೊಲೀಸ್ ಠಾಣೆಯೊಳಗೆ ನಡೆದ ಅತ್ಯಾಚಾರದ ಆರೋಪಿಗಳನ್ನು ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿದಾಗ ಉಪೇಂದ್ರ ಬಕ್ಷಿ, ಲೊತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬರೆದ ಪತ್ರ. ಅದರಲ್ಲಿ ಸಿಟ್ಟಿದೆ. ಆದರೆ ವಾದ ನಿಂತಿರುವುದು ಸಿಟ್ಟಿನ ಮೇಲಲ್ಲ. ಸುಮ್ಮನೆ ಶರಣಾಗುವುದು ಒಪ್ಪಿಗೆಯಾಗದು ಎಂದು ಹೈಕೋರ್ಟ್ ಕಂಡುಕೊಂಡಿತ್ತು. ಅದೇ ಸಾಕ್ಷ್ಯ ಇಟ್ಟುಕೊಂಡು ಸುಪ್ರೀಂ ಕೋರ್ಟ್ ಒಪ್ಪಿಗೆ ಎಂಬ ತೀರ್ಮಾನಕ್ಕೆ ಹೇಗೆ ಬಂತು? ಇದನ್ನೇ ಅವರು ಹಿಡಿದು ಜಗ್ಗಿದರು. 1983ರ ತಿದ್ದುಪಡಿಯಲ್ಲಿ ಸಾಕ್ಷ್ಯ ಕಾಯ್ದೆಗೆ 114-ಎ ಕಲಂ ಸೇರಿತು: ಕೆಲವು ಬಗೆಯ ಅತ್ಯಾಚಾರ ಪ್ರಕರಣಗಳಲ್ಲಿ ಒಪ್ಪಿಗೆ ಇರಲಿಲ್ಲ ಎಂದು ಮಹಿಳೆ ಹೇಳಿದರೆ ಕೋರ್ಟು ಹಾಗೆಯೇ ಭಾವಿಸಬೇಕು ಎಂದು.

ಒಂದು ಮಿತಿ ಗೊತ್ತಿರಲಿ. ಪ್ರಾಧ್ಯಾಪಕರ ಅಭಿಪ್ರಾಯ ಎಷ್ಟೇ ಗಟ್ಟಿಯಾಗಿದ್ದರೂ ಕೋರ್ಟನ್ನು ಕಟ್ಟಿಹಾಕದು. ಜರ್ಮನಿಯ ಪ್ರಾಧ್ಯಾಪಕ ಡೀಟರ್ ಕಾನ್ರಾಡ್ 1965ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಸಂವಿಧಾನ ತಿದ್ದುಪಡಿಯ ಮಿತಿಗಳ ಬಗ್ಗೆ ಉಪನ್ಯಾಸ ಕೊಟ್ಟರು. ಅದನ್ನು ವಕೀಲ ಎಂ.ಕೆ. ನಂಬಿಯಾರ್ ಸಂವಿಧಾನ ತಿದ್ದುಪಡಿಯ ಅಧಿಕಾರದ ಬಗ್ಗೆಯೇ ನಡೆದ ಗೋಲಕನಾಥ್ ಪ್ರಕರಣದಲ್ಲಿ ವಾದವಾಗಿ ಬಳಸಿದರು. 1973ರಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಶವಾನಂದ ತೀರ್ಪಿನಲ್ಲಿ ಕಾನ್ರಾಡ್ ಮಾತನ್ನು ಉಲ್ಲೇಖಿಸಿದರು. ಅದು ಕಾನೂನಾದದ್ದು ಆಗ, ಪೀಠ ಎತ್ತಿಕೊಂಡ ಮೇಲೆ. ‘ಪ್ರಾಧ್ಯಾಪಕರು ಹೇಳಿದ್ದಾರೆ, ಆದ್ದರಿಂದ ತೀರ್ಪು ತಪ್ಪು’ ಎಂಬ ವಾಕ್ಯ ಎಲ್ಲಿಯೂ ಬರಬಾರದು.

ಹಂತ 7: ಪ್ರಶ್ನೆ ಕಟ್ಟುವುದು

‘ಕುದುರೆಮುಖ ತೀರ್ಪು: ಒಂದು ಅಧ್ಯಯನ’. ಇದು ಪ್ರಶ್ನೆಯಲ್ಲ. ‘ಪರಿಸರವೋ ಅಭಿವೃದ್ಧಿಯೋ’. ಇದು ಚರ್ಚಾಸ್ಪರ್ಧೆಯ ವಿಷಯ. ಕಾಮೆಂಟಿಗೆ ಬೇಕಾದದ್ದು ಹೀಗಿರುತ್ತದೆ: ‘ತೀರ್ಪಿನ ಮಾತು ಪರಿಸರದ ಹಕ್ಕಿನದು. ಆದರೆ ಗಣಿ ನಿಂತದ್ದು ತಜ್ಞ ಸಮಿತಿಯ ಶಿಫಾರಸಿನ ಮೇಲೆ. ನಾಳೆ ಅಂಥದ್ದೇ ಸಮಿತಿ ಗಣಿಯ ಪರ ಶಿಫಾರಸು ಮಾಡಿದರೆ ಈ ತೀರ್ಪು ಕಾಡನ್ನು ಎಷ್ಟು ಕಾಯುತ್ತದೆ?’ ಇದಕ್ಕೆ ನಿಮ್ಮ ಉತ್ತರ ಒಂದು ವಾಕ್ಯದಲ್ಲಿ ಮೂರನೇ ಹಾಳೆಯ ಮೇಲೆ ಬರಲಿ.

ಅದರ ಕೆಳಗೆ ಎದುರು ವಕೀಲರಾಗಿ ಕೂತು ಉತ್ತರ ಬರೆಯಿರಿ. ಸಮಿತಿಯನ್ನು ಕೋರ್ಟು ಒಪ್ಪಿದ್ದೇ ಆ ಹಕ್ಕಿನ ತತ್ವಗಳ ಬೆಳಕಿನಲ್ಲಿ, ಹಾಗಾಗಿ ಎರಡನ್ನೂ ಬೇರ್ಪಡಿಸುವುದು ಕೃತಕ ಎಂದು ಯಾರಾದರೂ ಹೇಳಬಹುದು. ಗಟ್ಟಿ ವಾದವೇ. ಅದಕ್ಕೆ ಉತ್ತರಿಸದ ಕಾಮೆಂಟ್ ಅರ್ಧ ಕೆಲಸ.

ನಮ್ಮ ಕಡೆಯವರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಕುದುರೆಮುಖ ಗಣಿಯ ಕೆಸರು ತಡೆಯಲು ಕಟ್ಟಿದ ಲಕ್ಯಾ ಅಣೆಕಟ್ಟೆಯನ್ನು ನೀವು ಕಣ್ಣಾರೆ ಕಂಡಿರಬಹುದು. ಗಣಿ ಕಂಪನಿಯಲ್ಲಿ ಕೆಲಸ ಮಾಡಿದ ಮಾವನೊಬ್ಬ ಕಳಸದಲ್ಲಿ ಇರಬಹುದು. ಭದ್ರೆಯ ನೀರು ಆಗ ಯಾವ ಬಣ್ಣ ಇತ್ತು ಎಂದು ಅಜ್ಜಿ ಹೇಳಿರಬಹುದು. ಈ ತಿಳಿವಳಿಕೆಯಿಂದ ಒಳ್ಳೆಯ ಪ್ರಶ್ನೆ ಹುಟ್ಟುತ್ತದೆ, ನಿಜ. ಪುರಾವೆಯಾಗಿ ಮಾತ್ರ ಬಳಸಬೇಡಿ. ಕೋರ್ಟಿನ ಮುಂದೆ ಇದ್ದ ದಾಖಲೆ ಏನು, ಅದರ ಮೇಲೆ ಕೋರ್ಟು ಏನು ಹೇಳಿತು, ಅಷ್ಟರೊಳಗೇ ವಾದ ನಡೆಯಬೇಕು. ದಾಖಲೆಯಲ್ಲಿ ಬರಬೇಕಾದದ್ದು ಬರಲಿಲ್ಲ ಎನ್ನಿಸಿದರೆ ಅದನ್ನೇ ಟೀಕೆಯಾಗಿ ಬರೆಯಿರಿ.

ಹಂತ 8: ಬರೆಯುವುದು

ಉತ್ತರವನ್ನು ಮೊದಲ ಪ್ಯಾರಾದಲ್ಲೇ ಹೇಳಿ. ಗುಟ್ಟು ಕಾಪಾಡಲು ಇದು ಪತ್ತೇದಾರಿ ಕಾದಂಬರಿ ಅಲ್ಲ. ಸಂಗತಿಗಳಿಗೆ ಐದರಲ್ಲಿ ಒಂದು ಪಾಲು ಸಾಕು, ಅದೂ ನಿಮ್ಮ ಪ್ರಶ್ನೆಗೆ ಬೇಕಾದಷ್ಟೇ. ಅರ್ಧಕ್ಕಿಂತ ಹೆಚ್ಚು ಜಾಗ ವಿಶ್ಲೇಷಣೆಗೆ ಇರಲಿ.

ತೀರ್ಪಿನ ಪ್ರತಿ ಮಾತಿಗೂ ಪ್ಯಾರಾ ಸಂಖ್ಯೆ ಕೊಡಿ. ಉದ್ದ ಉದ್ದ ಉಲ್ಲೇಖ ಸುರಿಯಬೇಡಿ. ಕನ್ನಡದಲ್ಲಿ ಬರೆಯುವವರು ರೇಶಿಯೊ, ಒಬಿಟರ್, ರಿಟ್ ಎಂಬ ಪದಗಳನ್ನು ಹಾಗೇ ಇಡಿ, ಕೋರ್ಟಿನಲ್ಲಿ ಎಲ್ಲರೂ ಆಡುವುದು ಅವನ್ನೇ.

ಎಚ್ಚರಿಕೆಯ ಗಂಟೆ: ‘ಐತಿಹಾಸಿಕ’, ‘ಮೈಲಿಗಲ್ಲು’, ‘ಸ್ವಾಗತಾರ್ಹ’ ಎಂಬ ಪದಗಳಿಗೆ ಗೆರೆ ಎಳೆಯುತ್ತಾ ಹೋಗಿ. ಅವನ್ನು ಅಳಿಸಿದ ಮೇಲೆ ಪ್ಯಾರಾದಲ್ಲಿ ಏನೂ ಉಳಿಯದಿದ್ದರೆ ಆ ಪ್ಯಾರಾ ತೆಗೆಯಿರಿ.

ಹಂತ 9: ಕಳಿಸುವ ಮೊದಲು ಕಾನೂನಿನ ಜಾಗ್ರತೆ

ತೀರ್ಪನ್ನು ಟೀಕಿಸಿದರೆ ನಿಂದನೆ ಆಗುತ್ತದಾ ಎಂಬ ಹೆದರಿಕೆ ಸಹಜ. ನ್ಯಾಯಾಂಗ ನಿಂದನೆ ಕಾಯ್ದೆ, 1971ರ 5ನೇ ಕಲಂ ಓದಿ. ಅಂತಿಮವಾಗಿ ತೀರ್ಮಾನವಾದ ಪ್ರಕರಣದ ಗುಣದೋಷಗಳ ಬಗ್ಗೆ ನ್ಯಾಯವಾದ ಟೀಕೆ ನಿಂದನೆ ಅಲ್ಲ. ಮುಗಿದ ಪ್ರಕರಣ ಆರಿಸಿ ಎಂದು ಮೊದಲ ಹಂತದಲ್ಲೇ ಹೇಳಿದ್ದಕ್ಕೆ ಇದೂ ಒಂದು ಕಾರಣ. ಕಾರಣಗಳನ್ನು ಎಷ್ಟು ಬೇಕಾದರೂ ಕೆದಕಿ, ನ್ಯಾಯಮೂರ್ತಿಯ ಉದ್ದೇಶಕ್ಕೆ ಕೈ ಹಾಕಬೇಡಿ.

ಲೈಂಗಿಕ ಅಪರಾಧದ ಪ್ರಕರಣವಾದರೆ ಸಂತ್ರಸ್ತರ ಹೆಸರು ಬರೆಯುವಂತಿಲ್ಲ. ಗುರುತು ಸಿಗುವಂಥ ಊರು, ಸಂಬಂಧದ ವಿವರಕ್ಕೂ ಇದೇ ಮಾತು. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ, ಮಕ್ಕಳಿದ್ದರೆ ಪೋಕ್ಸೋ ಕಾಯ್ದೆಯ 23ನೇ ಕಲಂ ಓದಿಕೊಳ್ಳಿ. ಸಣ್ಣ ಊರಿನಲ್ಲಿ ‘ಆ ಎಸ್ಟೇಟಿನ ಲೈನ್‌ಮನೆಯ ಹುಡುಗಿ’ ಎಂದರೂ ಸಾಕು, ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ಈಗಿನ ದೊಡ್ಡ ಗಂಡಾಂತರ ಎಐ ಹುಟ್ಟಿಸುವ ಸುಳ್ಳು ಸೈಟೇಶನ್. ಹೆಸರು, ವರ್ಷ, ಪುಟ ಎಲ್ಲ ಅಚ್ಚುಕಟ್ಟಾಗಿರುತ್ತದೆ. ತೀರ್ಪು ಮಾತ್ರ ಇರುವುದೇ ಇಲ್ಲ. ನೀವೇ ತೆರೆದು, ಆ ಪ್ಯಾರಾ ಓದಿದ ತೀರ್ಪನ್ನಷ್ಟೇ ಉಲ್ಲೇಖಿಸಿ. ಇನ್ನೊಬ್ಬರ ಲೇಖನದ ಅಡಿಟಿಪ್ಪಣಿಯಿಂದ ಎತ್ತಿದ್ದಾದರೆ ಹಾಗಂತ ಬರೆಯಿರಿ.

ಹಂತ 10: ಕಳಿಸುವುದು

ಜರ್ನಲ್‌ನ ಪದಮಿತಿ, ಉಲ್ಲೇಖದ ಶೈಲಿ ಮೊದಲೇ ನೋಡಿ. ಕೇಸ್ ಕಾಮೆಂಟಿಗೆ ಲೇಖನಕ್ಕಿಂತ ಕಡಿಮೆ ಮಿತಿ ಇರುವುದೇ ಸಾಮಾನ್ಯ. ಒಂದೇ ಬರಹವನ್ನು ಎರಡು ಕಡೆ ಒಟ್ಟಿಗೆ ಕಳಿಸುವ ಮೊದಲು ಎರಡೂ ಕಡೆಯ ನಿಯಮ ಓದಿ, ಬಹಳಷ್ಟು ಕಡೆ ಅದಕ್ಕೆ ಅವಕಾಶವಿಲ್ಲ. ದುಡ್ಡು ಕಟ್ಟಿದರೆ ವಾರದೊಳಗೆ ಪ್ರಕಟಿಸುತ್ತೇವೆ, ಸರ್ಟಿಫಿಕೇಟ್ ಕೊಡುತ್ತೇವೆ ಎನ್ನುವ ಜರ್ನಲ್‌ಗಳ ಮೆಸೇಜು ವಾಟ್ಸಾಪಿನಲ್ಲಿ ದಿನವೂ ಬರುತ್ತವೆ. ಅಲ್ಲಿ ನಿಮ್ಮ ಬರಹವನ್ನು ಯಾರೂ ಓದಿ ತಿದ್ದುವುದಿಲ್ಲ, ಆ ದುಡ್ಡಿನಲ್ಲಿ ಒಂದು ಒಳ್ಳೆಯ ಬೇರ್ ಆಕ್ಟ್ ಬರುತ್ತದೆ.

ತಿರಸ್ಕಾರವಾದರೆ, ಜೊತೆಗೆ ವಿಮರ್ಶಕರ ಟಿಪ್ಪಣಿ ಬಂದಿದ್ದರೆ, ಮೊದಲು ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ. ರೇಶಿಯೊ ಸರಿಯಾಗಿ ಹಿಡಿದಿದ್ದರೆ ಉಳಿದದ್ದು ಭಾಷೆ, ಜೋಡಣೆಯ ತಿದ್ದುಪಡಿ. ಅದು ಎರಡು ಮೂರು ಸಂಜೆಯ ಕೆಲಸ. ರೇಶಿಯೊ ತಪ್ಪಿದ್ದರೆ ಹಳೆಯ ಡ್ರಾಫ್ಟನ್ನು ತಿದ್ದಲು ಹೋಗಬೇಡಿ. ತಾರೀಖಿನ ಹಾಳೆಯನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಹೊಸದಾಗಿ ಬರೆಯಿರಿ.